ಕೆರೆಗೆ ಬರುವ ನೀರು, ಕೆರೆಯಲ್ಲಿ ನಿಲ್ಲುವ ನೀರು: ಓದುಗರ ಪ್ರಶ್ನೆಗಳಿಗೆ ಉತ್ತರ

ಕೆರೆಗಳ ಮಾಲಿನ್ಯದ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಿರೆಂದು ಈ ಅಂಕಣದಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೆಂಗಳೂರಿನವು. ಉಳಿದವು ಕೋಲಾರ, ಮೈಸೂರು, ಗದಗ, ಹಾಸನ, ಧಾರವಾಡ, ಶಿವಮೊಗ್ಗ ಕಡೆಯವು. ಒಂದೇ ವಿಷಯದ ಪತ್ರಗಳನ್ನು ಒಟ್ಟುಗೂಡಿಸಿ ಒಂದೊಂದು ಪ್ರಶ್ನೆಯಾಗಿ ತೆಗೆದುಕೊಂಡಿದ್ದೇನೆ. ಬರೆದವರ ಹೆಸರು ಬಿಟ್ಟು ಊರನ್ನು ಮಾತ್ರ ಕೊಟ್ಟಿದ್ದೇನೆ.

ಪ್ರಶ್ನೆ (ವರ್ತೂರು, ಬೆಂಗಳೂರು): ಮಳೆ ಬಂದ ಮರುದಿನ ನಮ್ಮ ಕೆರೆಯ ಕೋಡಿಯ ಬಳಿ ನೊರೆ ಆಳೆತ್ತರಕ್ಕೆ ಏಳುವುದನ್ನು ವರ್ಷಗಟ್ಟಲೆ ನೋಡಿದ್ದೇವೆ. ಮಳೆನೀರು ಸೇರಿದರೆ ಕೊಳಕು ತೆಳುವಾಗಬೇಕಲ್ಲವೇ? ಮಳೆಗೇ ನೊರೆ ಹೆಚ್ಚುವುದೇಕೆ? ನೀರಿಗೆ ಬೆಂಕಿ ಹತ್ತುವುದಾದರೂ ಹೇಗೆ?

ಉತ್ತರ: ನಿಮ್ಮ ಸಂದೇಹ ಸರಿಯಾದ ಜಾಗದಲ್ಲೇ ಇದೆ, ಏಕೆಂದರೆ ಆ ನೊರೆ ಆ ದಿನದ ಕೊಳಕಿನಿಂದಷ್ಟೇ ಹುಟ್ಟಿದ್ದಲ್ಲ. ಬಟ್ಟೆ ಮತ್ತು ಪಾತ್ರೆ ತೊಳೆಯುವ ಮಾರ್ಜಕದ ಕಣಕ್ಕೆ ಎರಡು ತುದಿಗಳಿವೆ; ಒಂದು ನೀರನ್ನು ಹಿಡಿದುಕೊಳ್ಳುತ್ತದೆ, ಇನ್ನೊಂದು ನೀರಿನಿಂದ ದೂರ ಸರಿಯುತ್ತದೆ. ಆಮ್ಲಜನಕ ಸಾಕಷ್ಟಿರುವ ಹರಿಯುವ ಹಳ್ಳದಲ್ಲಿ ಬ್ಯಾಕ್ಟೀರಿಯಾಗಳು ಇದನ್ನು ಕೆಲವೇ ದಿನಗಳಲ್ಲಿ ಒಡೆದುಹಾಕುತ್ತವೆ. ಬೆಳ್ಳಂದೂರು ಮತ್ತು ವರ್ತೂರು ಕೆರೆಗಳಿಗೆ ದಶಕಗಳಿಂದ ಹರಿದುಬಂದದ್ದು ಸಂಸ್ಕರಿಸದ ಅಥವಾ ಅರೆಬರೆ ಸಂಸ್ಕರಿಸಿದ ಚರಂಡಿ ನೀರು. ಅಲ್ಲಿ ತಳದ ನೀರಿನಲ್ಲಿ ಆಮ್ಲಜನಕವೇ ಇರದಿದ್ದ ಕಾರಣ ಮಾರ್ಜಕದ ಅಂಶ ಪೂರ್ತಿ ಕರಗಿಹೋಗದೆ, ರಂಜಕದೊಂದಿಗೆ ಹೂಳಿನಲ್ಲಿ ಪದರ ಪದರವಾಗಿ ಕೂತುಬಿಟ್ಟಿತು. ಜೋರು ಮಳೆ ಬಂದಾಗ ರಾಜಕಾಲುವೆಯಿಂದ ನುಗ್ಗುವ ನೀರು ಆ ಹೂಳನ್ನು ಕದಡುತ್ತದೆ, ಕದಡಿದ ನೀರು ಕೋಡಿಯಲ್ಲಿ ಎತ್ತರದಿಂದ ಧುಮುಕುವಾಗ ಗಾಳಿಯನ್ನು ಹಿಡಿದುಕೊಳ್ಳುತ್ತದೆ. ಬಕೆಟ್ಟಿನಲ್ಲಿ ಸೋಪಿನಪುಡಿ ಹಾಕಿ ಮೇಲಿನಿಂದ ನೀರು ಬಿಟ್ಟರೆ ಏನಾಗುತ್ತದೆಯೋ ಅದೇ ಕೋಡಿಯಲ್ಲೂ ಆಗುವುದು. ಮಳೆ ತನ್ನಿಂದ ನೊರೆ ಮಾಡಲಿಲ್ಲ, ಹತ್ತಾರು ವರ್ಷ ಕೆರೆ ನುಂಗಿಕೊಂಡಿದ್ದನ್ನು ಮೇಲಕ್ಕೆ ತಂದಿತು.

ಬೆಂಕಿಯ ವಿಷಯದಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. 2015ರ ಮೇ ತಿಂಗಳಲ್ಲಿ ಬೆಳ್ಳಂದೂರಿನಲ್ಲಿ ನೊರೆಯ ಮೇಲೆಯೇ ಜ್ವಾಲೆ ಕಾಣಿಸಿಕೊಂಡಿತು. ಆಮ್ಲಜನಕವಿಲ್ಲದ ಹೂಳು ಕೊಳೆಯುವಾಗ ಮೀಥೇನ್ ಅನಿಲ ಏಳುತ್ತದೆ, ನೀರಿನ ಮೇಲೆ ಎಣ್ಣೆ ಮತ್ತು ಜಿಡ್ಡಿನ ಪದರವೂ ಇರುತ್ತದೆ. ಇವುಗಳಿಗೆ ಒಂದು ಕಿಡಿ ಸಾಕು. 2017ರ ಫೆಬ್ರುವರಿ ಮತ್ತು 2018ರ ಜನವರಿಯ ಬೆಂಕಿಗಳಲ್ಲಿ ಉರಿದದ್ದು ಹೆಚ್ಚಾಗಿ ಕೆರೆಯಂಗಳದಲ್ಲಿ ಒಣಗಿ ನಿಂತ ಕಳೆ, ಹುಲ್ಲು ಮತ್ತು ಸುರಿದ ಕಸ. 2018ರಲ್ಲಿ ಅದನ್ನು ಆರಿಸಲು ಸೇನೆಯ ಯೋಧರೂ ಇಳಿಯಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ದಂಡ ವಿಧಿಸಿ, ಕೆರೆಗಳ ಪುನಶ್ಚೇತನಕ್ಕಾಗಿ 500 ಕೋಟಿ ರೂಪಾಯಿಯನ್ನು ತೆಗೆದಿರಿಸಲು ಹೇಳಿ, ನ್ಯಾಯಮೂರ್ತಿ ಸಂತೋಷ ಹೆಗ್ಡೆ ಅವರ ನೇತೃತ್ವದಲ್ಲಿ ಮೇಲ್ವಿಚಾರಣಾ ಸಮಿತಿಯನ್ನು ನೇಮಿಸಿತು. ಆನಂತರ ನೀರು ಖಾಲಿ ಮಾಡಿ ಹೂಳೆತ್ತುವ ಕೆಲಸ ಆರಂಭವಾಯಿತು.

ಇನ್ನೊಂದು ಮಾತನ್ನೂ ಸೇರಿಸಬೇಕು. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಯ ನೀರು ವರ್ತೂರಿಗೆ ಇಳಿದು, ಅಲ್ಲಿಂದ ದಕ್ಷಿಣ ಪಿನಾಕಿನಿಯನ್ನು ಸೇರಿ ತಮಿಳುನಾಡಿಗೆ ಹೋಗುತ್ತದೆ. ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟಿನಲ್ಲೂ ನೊರೆ ಕಂಡಿದೆ. ನಮ್ಮ ಬಚ್ಚಲಿನ ನೀರು ನಿಮ್ಮೂರಿನ ಕೋಡಿಗೆ ಮುಗಿಯುವುದಿಲ್ಲ. ಅಲ್ಲಿಂದ ಮುಂದೆ ಇನ್ನೊಬ್ಬರ ಹೊಲಕ್ಕೂ ಹೋಗುತ್ತದೆ.

ಪ್ರಶ್ನೆ (ಮೈಸೂರು): ನಮ್ಮ ಬಡಾವಣೆಯ ಕೆರೆ ಹಸಿರುಗಟ್ಟಿ ನಾರುತ್ತಿದೆ. ಕಾರಂಜಿ ಹಾಕಿಸುವುದು, ಸೂಕ್ಷ್ಮಾಣುಜೀವಿಗಳ ದ್ರಾವಣ ಸುರಿಯುವುದು, ತೇಲುವ ಸಸ್ಯದ್ವೀಪ ಬಿಡುವುದು ಎಂಬ ಮೂರು ಯೋಜನೆಗಳನ್ನು ನಮ್ಮ ಮುಂದಿಟ್ಟಿದ್ದಾರೆ. ನಿವಾಸಿಗಳು ಹಣವನ್ನೂ ಕೂಡಿಸಿದ್ದೇವೆ. ಯಾವುದು ಉತ್ತಮ?

ಉತ್ತರ: ಹಣವನ್ನು ಸದ್ಯಕ್ಕೆ ಹಾಗೆಯೇ ಇಟ್ಟುಕೊಳ್ಳಿ. ಮೊದಲು ಒಂದು ಭಾನುವಾರ, ಮಳೆಯಿಲ್ಲದ ದಿನ, ಕೆರೆಯ ಸುತ್ತ ನಡೆದು ನೀರು ಒಳಗೆ ಬರುವ ಪ್ರತಿಯೊಂದು ಬಾಯಿಯ ಮುಂದೆ ಐದು ನಿಮಿಷ ನಿಲ್ಲಿ. ಮಳೆಯಿಲ್ಲದ ದಿನ ಮಳೆನೀರಿನ ಕಾಲುವೆ ಒಣಗಿರಬೇಕು. ಹರಿಯುತ್ತಿದ್ದರೆ ಅದು ಯಾರದೋ ಬಚ್ಚಲು ಮತ್ತು ಪಾಯಿಖಾನೆಯ ನೀರು. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಹರಿವು ದಪ್ಪವಾಗಿ, ಮಧ್ಯಾಹ್ನ ಸಣ್ಣದಾದರೆ ಇನ್ನು ಸಂದೇಹವೇ ಬೇಡ. ಆ ಬಾಯಿಯಿಂದ ಕಾಲುವೆಯುದ್ದಕ್ಕೂ ಮೇಲಕ್ಕೆ ನಡೆದು ಹೋದರೆ ಎಲ್ಲಿ ಒಳಚರಂಡಿಯ ಕೊಳವೆ ಒಡೆದಿದೆ, ಯಾವ ಕಟ್ಟಡದ ಕೊಳವೆ ನೇರವಾಗಿ ಮಳೆನೀರಿನ ಕಾಲುವೆಗೆ ಸೇರಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ನಾನು ನೋಡಿದ ಕೆರೆಗಳಲ್ಲಿ ಬಹುಪಾಲು ಕಾಯಿಲೆಯ ಮೂಲ ಅಂಥ ನಾಲ್ಕೈದು ಬಾಯಿಗಳಲ್ಲೇ ಇತ್ತು. ಏರಿಯ ಮೇಲೆ ನಿಂತು ನೀರನ್ನು ನೋಡುತ್ತಿದ್ದವರಿಗೆ ಅದು ಕಂಡಿರಲಿಲ್ಲ.

ಈಗ ಮೂರು ಯೋಜನೆಗಳ ವಿಚಾರ. ಕೆರೆಯನ್ನು ಹಸಿರುಗಟ್ಟಿಸುವ ಮುಖ್ಯ ಪೋಷಕಾಂಶಗಳು ಸಾರಜನಕ ಮತ್ತು ರಂಜಕ. ಸಾರಜನಕದ ಒಂದು ಭಾಗವನ್ನು ಬ್ಯಾಕ್ಟೀರಿಯಾಗಳು ಅನಿಲವಾಗಿ ಗಾಳಿಗೆ ಬಿಡಬಲ್ಲವು. ರಂಜಕಕ್ಕೆ ಆ ದಾರಿಯಿಲ್ಲ. ಅದು ನೀರಿನಲ್ಲಿ ಇರುತ್ತದೆ, ಇಲ್ಲವೇ ಗಿಡ ಮತ್ತು ಮೀನಿನ ಮೈಯಲ್ಲಿ ಇರುತ್ತದೆ, ಇಲ್ಲವೇ ಹೂಳಿನಲ್ಲಿ ಕೂರುತ್ತದೆ. ಕೆರೆಯಿಂದ ಅದನ್ನು ತೆಗೆಯಬೇಕಾದರೆ ಗಿಡವನ್ನೋ ಹೂಳನ್ನೋ ಎತ್ತಿ ಆಚೆ ಸಾಗಿಸಬೇಕು, ಅಥವಾ ಕೋಡಿಯಿಂದ ಕೆಳಗಿನವರಿಗೆ ಕಳುಹಿಸಬೇಕು. ಒಂದು ಕಿಲೋ ರಂಜಕ ಸುಮಾರು 500 ಕಿಲೋ ಹಸಿ ಪಾಚಿಯನ್ನು ಬೆಳೆಸಬಲ್ಲದೆಂಬ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು, ಬಾಟಲಿಯ ದ್ರಾವಣ ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: ರಂಜಕ ಎಲ್ಲಿಗೆ ಹೋಗುತ್ತದೆ? ದ್ರಾವಣದಿಂದ ಕೆಲವು ವಾರ ದುರ್ವಾಸನೆ ತಗ್ಗಬಹುದು, ಅಷ್ಟೆ. ಕಾರಂಜಿ ತನ್ನ ಸುತ್ತಲಿನ ನೀರಿಗೆ ಒಂದಿಷ್ಟು ಗಾಳಿ ಸೇರಿಸುತ್ತದೆ, ಅದು ಕೆಟ್ಟದ್ದಲ್ಲ. ಆದರೆ ದಿನವೂ ಹೊಸ ಕೊಳಕು ಬರುತ್ತಿರುವಾಗ ಅದರಿಂದ ಕೆರೆ ಉಳಿಯುವುದಿಲ್ಲ. ತೇಲುವ ದ್ವೀಪದ ಗಿಡಗಳು ನಿಜವಾಗಿಯೂ ಪೋಷಕಾಂಶ ಹೀರುತ್ತವೆ, ಆದರೆ ಅವನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಹಾಕದಿದ್ದರೆ ಅವು ಅಲ್ಲೇ ಕೊಳೆತು ಹೀರಿದ್ದನ್ನು ಹಿಂದಿರುಗಿಸುತ್ತವೆ.

ಬೆಂಗಳೂರಿನ ಜಕ್ಕೂರು ಕೆರೆಯನ್ನು ಒಮ್ಮೆ ಹೋಗಿ ನೋಡಿ ಬನ್ನಿ. ಅಲ್ಲಿ ಕೆರೆಯ ತಲೆಯಲ್ಲೇ, ಆರಂಭದಲ್ಲಿ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದ ಕೊಳಚೆನೀರು ಶುದ್ಧೀಕರಣ ಘಟಕ ಕಟ್ಟಿದರು. ಘಟಕದಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಇಳಿಯದೆ, ಆಪು ಮತ್ತು ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಹಾದು ನಂತರ ಕೆರೆಯನ್ನು ಸೇರುವಂತೆ ಮಾಡಿದರು. ಘಟಕ ತೆಗೆಯದೆ ಬಿಟ್ಟ ಪೋಷಕಾಂಶದ ಒಂದು ಪಾಲನ್ನು ಜೌಗು ಹಿಡಿದುಕೊಳ್ಳುತ್ತದೆ. ಘಟಕ ಕೈಕೊಟ್ಟ ದಿನ ಜಕ್ಕೂರಿನ ನೀರೂ ಕೆಡುತ್ತದೆ, ಜೌಗಿನ ಕಳೆ ಕೀಳದಿದ್ದರೂ ಕೆಡುತ್ತದೆ. ಹಾಗಿದ್ದರೂ ಬಾಯಿಯಿಂದ ಕೆಲಸ ಶುರು ಮಾಡಿದ ಕೆರೆ ಎಂದು ಅದನ್ನು ಹೇಳುತ್ತಿದ್ದೇನೆ. ದೂರದ ಅಮೆರಿಕದ ಸಿಯಾಟಲ್ ನಗರದವರು ತಮ್ಮ ವಾಷಿಂಗ್ಟನ್ ಸರೋವರಕ್ಕೆ ಬೀಳುತ್ತಿದ್ದ ಚರಂಡಿ ನೀರನ್ನು 1963ರಿಂದ 1968ರೊಳಗೆ ಪೂರ್ತಿ ಬೇರೆಡೆಗೆ ತಿರುಗಿಸಿದಾಗ, 1 ಮೀಟರಿನಷ್ಟು ಆಳಕ್ಕೂ ಕಣ್ಣು ಹೋಗದಿದ್ದ ನೀರು ಕೆಲವೇ ವರ್ಷಗಳಲ್ಲಿ 3 ಮೀಟರಿನವರೆಗೂ ತಿಳಿಯಾಯಿತು. ಅದು ಆಳವಾದ ಸರೋವರ. ನಮ್ಮ ಕೆರೆಗಳು ಆಳ ಕಡಿಮೆಯವು, ಗಾಳಿಗೂ ತಳ ಕದಡುವಂಥವು. ಆದ್ದರಿಂದ ಬಾಯಿ ಮುಚ್ಚಿದ ಮೇಲೂ ಹೂಳಿನಿಂದ ರಂಜಕ ಕೆಲವು ವರ್ಷ ಒಸರುತ್ತದೆ. ಅಷ್ಟು ತಾಳ್ಮೆ ಬೇಕೆಂಬುದನ್ನು ನಿಮ್ಮ ನಿವಾಸಿಗಳಿಗೆ ಮೊದಲೇ ಹೇಳಿಬಿಡಿ. ನೀವು ಕೂಡಿಸಿದ ಹಣಕ್ಕೆ ಒಡೆದ ಕೊಳವೆಯ ದುರಸ್ತಿ, ಬಾಯಿಯಲ್ಲಿ ಹೂಳು ಮತ್ತು ಕಸ ತಡೆಯುವ ಗುಂಡಿ, ಸಣ್ಣ ಜೌಗು, ಇವಕ್ಕಿಂತ ಒಳ್ಳೆಯ ವೆಚ್ಚ ನನಗೆ ತೋರುವುದಿಲ್ಲ.

ಪ್ರಶ್ನೆ (ಬೆಂಗಳೂರು): ಬೆಳಗಾಗುವುದರೊಳಗೆ ನಮ್ಮ ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಯಾರೋ ವಿಷ ಹಾಕಿದ್ದಾರೆಂದು ಎಲ್ಲರೂ ಹೇಳುತ್ತಿದ್ದಾರೆ. ಹಿಂದಿನ ಸಂಜೆ ಮಳೆ ಬಂದಿತ್ತು.

ಉತ್ತರ: ವಿಷದ ಸಾಧ್ಯತೆಯನ್ನು ಪರೀಕ್ಷೆಯಿಲ್ಲದೆ ತಳ್ಳಿಹಾಕಲಾಗದು. ಆದರೆ ನೀವು ಬರೆದಿರುವ ಎರಡು ವಿವರಗಳು, ಬೆಳಗಿನ ಜಾವ ಮತ್ತು ಹಿಂದಿನ ಸಂಜೆಯ ಮಳೆ, ಬೇರೆಯದನ್ನೇ ಸೂಚಿಸುತ್ತವೆ. ಬೆಚ್ಚಗಿನ ನೀರಿನ ಒಂದು ಲೀಟರಿನಲ್ಲಿ 7-8 ಮಿಲಿಗ್ರಾಂ ಆಮ್ಲಜನಕ ಕರಗಿರಬಹುದು. ಮೀನುಗಾರಿಕೆಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಪಾಚಿ ತುಂಬಿದ ಕೆರೆಯಲ್ಲಿ ಹಗಲು ಬಿಸಿಲಿಗೆ ಪಾಚಿಯೇ ಆಮ್ಲಜನಕ ಬಿಡುವುದರಿಂದ ಮಧ್ಯಾಹ್ನ ಅಳೆದರೆ ಎಲ್ಲವೂ ಸರಿಯಿದೆ ಎಂದು ಕಾಣುತ್ತದೆ. ಕತ್ತಲಾದ ಮೇಲೆ ಅದೇ ಪಾಚಿ, ಬ್ಯಾಕ್ಟೀರಿಯಾ ಮತ್ತು ಮೀನು ಎಲ್ಲವೂ ಸೇರಿ ಉಸಿರಾಡುತ್ತವೆ, ಹೊಸದಾಗಿ ಬಿಡುವವರಿಲ್ಲ. ಸೂರ್ಯ ಹುಟ್ಟುವ ಮೊದಲಿನ ಗಂಟೆಯಲ್ಲಿ ಆಮ್ಲಜನಕ ಅತಿ ಕಡಿಮೆ. ಹಿಂದಿನ ಸಂಜೆ ಮೊದಲ ಮಳೆ ಚರಂಡಿಯಲ್ಲಿ ತಿಂಗಳುಗಟ್ಟಲೆ ಕೂಡಿದ್ದ ಕೊಳೆಯನ್ನು ಒಮ್ಮೆಲೇ ತಂದು ಸುರಿದು, ತಳದ ಹೂಳನ್ನೂ ಕದಡಿದ್ದರೆ, ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಉಳಿದ ಆಮ್ಲಜನಕವನ್ನೂ ಮುಗಿಸುತ್ತವೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತಾಗಲೂ ಆಮ್ಲಜನಕದ ಕೊರತೆಯ ಮಾತೇ ಮುಖ್ಯವಾಗಿ ಬಂದಿತ್ತು.

ಮುಂದೆ ಎಂದಾದರೂ ಬೆಳಗಿನ ಐದೂವರೆಗೆ ಹೋಗಿ ನೋಡಿ. ಮೀನುಗಳು ಮೇಲಕ್ಕೆ ಬಂದು, ಬಾಯನ್ನು ನೀರಿನ ಮಟ್ಟಕ್ಕೆ ಸರಿಯಾಗಿ ಇಟ್ಟುಕೊಂಡು, ಗುಟುಕು ಗುಟುಕಾಗಿ ಮೇಲಿನ ತೆಳು ಪದರದ ನೀರನ್ನು ಎಳೆದುಕೊಳ್ಳುತ್ತಿರುತ್ತವೆ. ಕೆರೆಯ ತುಂಬ ಸಣ್ಣ ಸಣ್ಣ ಉಂಗುರಗಳು ಏಳುತ್ತವೆ. ಸಾಯುವುದಕ್ಕೆ ಕೆಲವು ದಿನ ಮೊದಲೇ ಈ ಸೂಚನೆ ಕಾಣಬಹುದು. ಅದನ್ನು ಕಂಡ ದಿನವೇ ಮೀನುಗಾರಿಕೆ ಇಲಾಖೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ತಿಳಿಸಿ, ನೀರಿನ ಮಾದರಿಯನ್ನು ಬೆಳಗಿನ ಜಾವವೇ ತೆಗೆಯುವಂತೆ ಕೇಳಿ. ಹನ್ನೊಂದು ಗಂಟೆಗೆ ತೆಗೆದ ಮಾದರಿ ಈ ಕಾಯಿಲೆಯನ್ನು ತೋರಿಸುವುದಿಲ್ಲ. ಸತ್ತ ಮೀನುಗಳನ್ನು ಕೂಡಲೇ ಎತ್ತಿಸಿರಿ. ಅವು ಕೊಳೆಯುವುದಕ್ಕೂ ಆಮ್ಲಜನಕವೇ ಬೇಕು.

ಪ್ರಶ್ನೆ (ಧಾರವಾಡ): ಅಂತರಗಂಗೆಯನ್ನು ಪ್ರತಿ ವರ್ಷ ಯಂತ್ರದಿಂದ ತೆಗೆಸುತ್ತಾರೆ, ಮರುವರ್ಷ ಮತ್ತೆ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಕೊನೆಯಿಲ್ಲವೇ?

ಉತ್ತರ: ದಕ್ಷಿಣ ಅಮೆರಿಕದಿಂದ ಬಂದ ಈ ನೇರಳೆ ಹೂವಿನ ಗಿಡ ಅನುಕೂಲ ಸಿಕ್ಕರೆ ಎರಡು ವಾರದಲ್ಲಿ ಇಮ್ಮಡಿಯಾಗುತ್ತದೆ, ಮತ್ತು ಅದಕ್ಕೆ ಬೇಕಾದ ಅನುಕೂಲ ಚರಂಡಿಯ ಗೊಬ್ಬರ. ತೆಗೆಯುವುದು ತಪ್ಪಲ್ಲ, ತೆಗೆದದ್ದನ್ನು ದಡದಲ್ಲೇ ರಾಶಿ ಹಾಕುವುದು ತಪ್ಪು. ಮೊದಲ ಮಳೆಗೆ ಆ ರಾಶಿಯ ರಸವೆಲ್ಲ ಮತ್ತೆ ಕೆರೆಗೇ ಇಳಿಯುತ್ತದೆ. ಕಾಂಪೋಸ್ಟ್ ಮಾಡುವುದಾದರೆ ಕೆರೆಯಂಗಳದಿಂದ ದೂರ ಮಾಡಬೇಕು. 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಲ್ಲಿ ಈ ಗಿಡವನ್ನಷ್ಟೇ ತಿನ್ನುವ ಮೂತಿಹುಳುಗಳನ್ನು ವಿಜ್ಞಾನಿಗಳು ಬಿಟ್ಟು ಒಳ್ಳೆಯ ಫಲ ಕಂಡಿದ್ದರು. ಆದರೆ ಹುಳು ತನ್ನ ಕೆಲಸ ಮಾಡಲು ವರ್ಷಗಳು ಬೇಕು. ನಡುವೆ ಕಳೆನಾಶಕ ಸಿಂಪಡಿಸಿದರೂ, ಗಿಡವನ್ನೆಲ್ಲ ಒಮ್ಮೆಲೇ ಕಿತ್ತರೂ ಹುಳುವಿನ ಸಂತತಿ ಮುರಿದುಹೋಗುತ್ತದೆ. ಕಳೆನಾಶಕವನ್ನಂತೂ ಕೆರೆಗೆ ಹೊಡೆಯಲೇಬೇಡಿ. ಸತ್ತ ಗಿಡ ಮುಳುಗಿ, ಕೊಳೆತು, ಮೇಲಿನ ಉತ್ತರದಲ್ಲಿ ಹೇಳಿದ ಆಮ್ಲಜನಕದ ಕೊರತೆಯನ್ನೇ ತರುತ್ತದೆ.

ಪ್ರಶ್ನೆ (ಕೋಲಾರ): ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗೆ ಬಂದ ಮೇಲೆ ಬತ್ತಿದ್ದ ಕೊಳವೆಬಾವಿಯಲ್ಲಿ ನೀರು ಬಂದಿದೆ. ಆದರೆ ಈ ನೀರನ್ನು ನಂಬಬಹುದೇ ಎಂಬ ಅಂಜಿಕೆಯೂ ಇದೆ.

ಉತ್ತರ: ನಿಮ್ಮ ಸಂತೋಷವೂ ನ್ಯಾಯವಾದದ್ದು, ಅಂಜಿಕೆಯೂ ನ್ಯಾಯವಾದದ್ದು. ಸಾವಿರ ಅಡಿ ಕೊರೆದರೂ ನೀರು ಸಿಗದೆ, ಸಿಕ್ಕಿದ್ದರಲ್ಲಿ ಫ್ಲೋರೈಡ್ ತುಂಬಿದ್ದ ಜಿಲ್ಲೆಗೆ ಕೆರೆ ತುಂಬುವುದೆಂದರೆ ಏನೆಂಬುದನ್ನು ದೂರದಲ್ಲಿ ಕೂತವರು ಹಗುರವಾಗಿ ಮಾತನಾಡಬಾರದು. 2018ರ ಜೂನ್‌ನಲ್ಲಿ ಆರಂಭವಾದ ಕೆ.ಸಿ. ವ್ಯಾಲಿ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆ, ದಿನಕ್ಕೆ 44 ಕೋಟಿ ಲೀಟರ್ ನೀರನ್ನು ಕೋಲಾರ ಭಾಗದ 126 ಕೆರೆಗಳಿಗೆ ಹರಿಸುವ ಉದ್ದೇಶದ್ದು. ಉದ್ದೇಶ ಅಂತರ್ಜಲ ಮರುಪೂರಣ, ಕುಡಿಯುವ ನೀರಿನ ಪೂರೈಕೆಯಲ್ಲ. ಮರುತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡಿತು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು, ಮುಂದೆ ಹರಿವು ಮತ್ತೆ ಆರಂಭವಾಯಿತು.

ಈ ನೀರು ಎರಡನೆಯ ಹಂತದವರೆಗೆ ಸಂಸ್ಕರಿಸಿದ್ದು. ಎರಡನೆಯ ಹಂತವು ಕೊಳೆಯುವ ಪದಾರ್ಥವನ್ನು ಬಹುಮಟ್ಟಿಗೆ ತೆಗೆಯುತ್ತದೆ. ಕರಗಿದ ಸಾರಜನಕ, ರಂಜಕ, ಔಷಧಗಳ ಅಂಶ, ಕಾರ್ಖಾನೆಯ ಲೋಹಗಳನ್ನು ತೆಗೆಯಲು ಅದನ್ನು ರೂಪಿಸಿಲ್ಲ. ಮೂರನೆಯ ಹಂತದ ಸಂಸ್ಕರಣೆ ಸೇರಿಸಬೇಕೆಂಬ ಕೋಲಾರದವರ ಬೇಡಿಕೆ ನನ್ನ ದೃಷ್ಟಿಯಲ್ಲಿ ಪೂರ್ತಿ ಸರಿಯಾದದ್ದು, ಅದನ್ನು ಬಿಡಬೇಡಿ. ಅಲ್ಲಿಯವರೆಗೆ ಕೆರೆಯ ಹತ್ತಿರದ ಕೊಳವೆಬಾವಿಯ ನೀರನ್ನು ಕುಡಿಯಲು ಬಳಸುವ ಮುನ್ನ ಜಿಲ್ಲಾ ಪ್ರಯೋಗಾಲಯದಲ್ಲಿ ನೈಟ್ರೇಟ್ ಮತ್ತು ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸಿ. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗೆ ಕೆರೆಯ ನೀರನ್ನು ನೇರವಾಗಿ ಹಾಯಿಸಬೇಡಿ. ನಿಮ್ಮ ಕೆರೆಯ ಹಳೆಯ ಮಳೆನೀರಿನ ಕಾಲುವೆಗಳನ್ನೂ ಮರೆಯಬಾರದು. ಕೊಳವೆಯಲ್ಲಿ ನೀರು ಬರುತ್ತದೆಂದು ಪೋಷಕ ಕಾಲುವೆಗಳು ಒತ್ತುವರಿಯಾಗಲು ಬಿಟ್ಟರೆ, ಕೆರೆಗೆ ಮಳೆಯ ಸಿಹಿನೀರು ಸೇರಿ ಲವಣ ತೆಳುವಾಗುವ ದಾರಿಯೇ ಮುಚ್ಚಿಹೋಗುತ್ತದೆ.

ಪ್ರಶ್ನೆ (ಗದಗ): ನಮ್ಮೂರ ಕೆರೆಯ ಅಭಿವೃದ್ಧಿಯೆಂದು ಸುತ್ತಲೂ ಕಲ್ಲು ಕಟ್ಟಿ, ಆಳ ಮಾಡಿ, ನಡೆಯುವ ಹಾದಿ ಹಾಕಿದರು. ಈಗ ಬೇಸಿಗೆಯಲ್ಲೂ ನೀರಿರುತ್ತದೆ. ಆದರೆ ಚಳಿಗಾಲಕ್ಕೆ ಬರುತ್ತಿದ್ದ ಹಕ್ಕಿಗಳು ಕಡಿಮೆಯಾದವು. ನೀರು ಹೆಚ್ಚಿದರೆ ಹಕ್ಕಿ ಹೆಚ್ಚಬೇಕಿತ್ತಲ್ಲವೇ?

ಉತ್ತರ: ಈ ಬಾರಿಯ ಪತ್ರಗಳಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿದ್ದು ಇದು. ಕೆರೆಯ ಜೀವವೆಲ್ಲ ನಡುವಿನ ಆಳದಲ್ಲಿ ಇರುವುದಿಲ್ಲ, ಅಂಚಿನಲ್ಲಿರುತ್ತದೆ. ಮೊಣಕಾಲುದ್ದ ನೀರಿನಲ್ಲಿ ಜೊಂಡು ಬೆಳೆಯುತ್ತದೆ, ಜೊಂಡಿನ ಬುಡದಲ್ಲಿ ಮೀನು ಮೊಟ್ಟೆಯಿಡುತ್ತದೆ, ಗುಳುಮುಳುಕ ಮತ್ತು ಜಂಬುಕೋಳಿ ಗೂಡು ಕಟ್ಟುತ್ತವೆ. ನೀರು ಇಳಿದಂತೆ ತೆರೆದುಕೊಳ್ಳುವ ಕೆಸರಿನಲ್ಲಿ ಉದ್ದ ಕಾಲಿನ ಹಕ್ಕಿಗಳು ಹುಳು ಹೆಕ್ಕುತ್ತವೆ. ಆ ಇಳಿಜಾರನ್ನು ಕಡಿದು ನೆಟ್ಟಗೆ ಕಲ್ಲು ಕಟ್ಟಿದರೆ ಕೆರೆ ಬಟ್ಟಲಾಗುತ್ತದೆ. ಬಟ್ಟಲಿನಲ್ಲಿ ನೀರುಕಾಗೆ ಈಜಬಹುದು, ನಿಂತು ಮೇಯುವ ಹಕ್ಕಿಗೆ ಕಾಲಿಡಲು ಜಾಗವಿಲ್ಲ.

ಬೇಸಿಗೆಯಲ್ಲಿ ಕೆರೆ ಒಣಗುವುದನ್ನು ನಾವು ರೋಗವೆಂದು ತಿಳಿದಿದ್ದೇವೆ. ನಮ್ಮ ಹಿರಿಯರು ಕಟ್ಟಿದ ಕೆರೆಗಳು ಮುಂಗಾರಿಗೆ ತುಂಬಿ, ಮಾಘ ಫಾಲ್ಗುಣದಲ್ಲಿ ಇಳಿದು, ಬೇಸಿಗೆಯ ಕೊನೆಗೆ ತಳ ಬಿರುಕು ಬಿಡುತ್ತಿದ್ದವು. ಆಗ ತಳದ ಮಣ್ಣಿಗೆ ಗಾಳಿ ಮತ್ತು ಬಿಸಿಲು ತಾಗಿ, ಕೊಳೆಯದೆ ಉಳಿದಿದ್ದೆಲ್ಲ ಕೊಳೆತು, ಊರವರಿಗೆ ಗೋಡುಮಣ್ಣು ಸಿಗುತ್ತಿತ್ತು. ವರ್ಷವಿಡೀ ತುಂಬಿಯೇ ಇರುವ ಕೆರೆಯನ್ನು ಕಂಡಾಗ ಅದರ ನೀರು ಎಲ್ಲಿಯದು ಎಂದು ವಿಚಾರಿಸುವುದು ಒಳ್ಳೆಯದು. ಪಟ್ಟಣಗಳ ಬಳಿ ಅದಕ್ಕೆ ಬಹಳ ಸಲ ಚರಂಡಿಯೇ ಉತ್ತರ.

ನಿಮ್ಮ ಜಿಲ್ಲೆಯಲ್ಲೇ ಮಾಗಡಿ ಕೆರೆ ಇದೆ. ಶಿರಹಟ್ಟಿ ಕಡೆಯ ಆ ಸಣ್ಣ ಕೆರೆಗೆ ಮಂಗೋಲಿಯಾ ಮತ್ತು ಟಿಬೆಟ್ ಕಡೆಯಿಂದ ಹಿಮಾಲಯವನ್ನು ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಗಲು ನೀರಿನಲ್ಲಿ ವಿಶ್ರಮಿಸಿ, ಕತ್ತಲಾದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ರೈತರು ಅವನ್ನು ಸಹಿಸಿಕೊಂಡದ್ದರಿಂದ ಅವು ಉಳಿದಿವೆ. 2024ರಲ್ಲಿ ಮಾಗಡಿ ಕೆರೆಯೂ ಹೊಸಪೇಟೆ ಕಡೆಯ ಅಂಕಸಮುದ್ರವೂ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದವು. ನಿಮ್ಮೂರಿನವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ದಡ ಹೇಗಿದೆಯೆಂದು ತೋರಿಸಿ. ನಿಮ್ಮ ಕೆರೆಯಲ್ಲಿ ಕಲ್ಲು ಕಟ್ಟಿದ್ದನ್ನೆಲ್ಲ ತೆಗೆಸಲು ಆಗದಿರಬಹುದು. ನೀರು ಒಳಬರುವ ಕಡೆಯ ಒಂದು ಮೂಲೆಯಲ್ಲಾದರೂ ಮಣ್ಣು ತುಂಬಿಸಿ ಇಳಿಜಾರು ಮಾಡಿ, ಅಲ್ಲಿಗೆ ನಡೆಯುವ ಹಾದಿ ಹೋಗದಂತೆ, ರಾತ್ರಿ ದೀಪ ಉರಿಯದಂತೆ ನೋಡಿಕೊಳ್ಳಿ. ಆ ಮೂಲೆಯನ್ನು ಹಕ್ಕಿಗಳು ಬೇಗನೆ ಗುರುತು ಹಿಡಿಯುತ್ತವೆ.

ಪ್ರಶ್ನೆ (ಹಾಸನ): ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುವ ರೂಢಿ ನಮ್ಮಲ್ಲಿ ಇಂದಿಗೂ ಇದೆ. ಪೇಟೆಯ ಕೊಳಕು ಸೇರುವ ಕೆರೆಯ ಗೋಡನ್ನೂ ಹೊಡೆಯಬಹುದೇ?

ಉತ್ತರ: ಹಳ್ಳಿಯ ಮಳೆನೀರಿನ ಕೆರೆಯಾದರೆ ಧಾರಾಳವಾಗಿ ಹೊಡೆಯಿರಿ, ನಿಮ್ಮ ಹೊಲದಿಂದಲೇ ಕೊಚ್ಚಿಹೋದ ಸಾರ ಅದು. ಪೇಟೆಯ ಕೆಳಗಿನ ಕೆರೆಯಾದರೆ ಬೇಡ, ಪರೀಕ್ಷೆಯಾಗುವವರೆಗೂ ಬೇಡ. ಲೋಹಕ್ಕೆ ಲೇಪ ಹಾಕುವ ಅಂಗಡಿ, ಬಣ್ಣದ ಕೆಲಸ, ಬ್ಯಾಟರಿ ರಿಪೇರಿ, ಇವುಗಳಿಂದ ಬರುವ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳು ಹೂಳಿಗೆ ಅಂಟಿಕೊಳ್ಳುತ್ತವೆ. ಹೊಲಕ್ಕೆ ಒಮ್ಮೆ ಬಿದ್ದರೆ ತೆಗೆಯುವ ದಾರಿಯಿಲ್ಲ, ಸೊಪ್ಪಿನ ಮೂಲಕ ಊಟಕ್ಕೆ ಬರುತ್ತವೆ. ಕೃಷಿ ವಿಶ್ವವಿದ್ಯಾಲಯದ ಮಣ್ಣು ಪ್ರಯೋಗಾಲಯದಲ್ಲಿ ಭಾರಲೋಹಗಳ ಪರೀಕ್ಷೆಯನ್ನೇ ಹೆಸರಿಸಿ ಕೇಳಬೇಕು, ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಅದು ಸೇರಿರುವುದಿಲ್ಲ. ಇನ್ನೊಂದು ಮಾತು: ನಿಮ್ಮ ಹೊಲ ಕೆರೆಯ ಮೇಲ್ಗಡೆ ಇದ್ದರೆ ಗೊಬ್ಬರವನ್ನು ಜೋರು ಮಳೆಯ ಮುನ್ಸೂಚನೆಯಿರುವ ದಿನ ಹಾಕಬೇಡಿ, ಕಾಲುವೆಯ ಪಕ್ಕದ ಬದುವಿನಲ್ಲಿ ಲಾವಂಚ ನೆಡಿ.

ಪ್ರಶ್ನೆ (ಬೆಂಗಳೂರು): ಒಂದು ಗಣಪತಿಯಿಂದ ಕೆರೆ ಕೆಡುತ್ತದೆಯೇ?

ಉತ್ತರ: ಹಸಿ ಜೇಡಿಮಣ್ಣಿನ, ಬಣ್ಣವಿಲ್ಲದ ಒಂದು ಗಣಪತಿಯಿಂದ ಕೆಡುವುದಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಮೂರ್ತಿ ಕರಗುವುದಿಲ್ಲ, ಅದರ ಬಣ್ಣದಲ್ಲಿ ಲೋಹಗಳಿರುತ್ತವೆ. ಮನೆಯ ಬಕೆಟ್ಟಿನಲ್ಲಿ ವಿಸರ್ಜಿಸಿ ಆ ಮಣ್ಣನ್ನು ಗಿಡದ ಬುಡಕ್ಕೆ ಹಾಕಿದರೆ ಪೂಜೆಗೆ ಕೊರತೆಯಾಗದು. ವರ್ಷದ ಒಂದು ದಿನದ ಬಗ್ಗೆ ಇಷ್ಟು ಎಚ್ಚರವಿರುವ ತಾವು, ಉಳಿದ 364 ದಿನ ಕೆರೆಗೆ ಬೀಳುವ ಕೊಳವೆಯ ಬಗ್ಗೆಯೂ ಕೇಳಬೇಕೆಂದು ವಿನಂತಿ.

ಪ್ರಶ್ನೆ (ಹಲವು ಊರುಗಳಿಂದ): ರಾತ್ರಿ ಹೊತ್ತು ಟ್ಯಾಂಕರ್‌ನಲ್ಲಿ ಕೊಳಚೆ ತಂದು ಕಾಲುವೆಗೆ ಬಿಡುತ್ತಾರೆ, ಕೆರೆಯಂಗಳಕ್ಕೆ ಮಣ್ಣು ತುಂಬುತ್ತಾರೆ. ಯಾರಿಗೆ ದೂರು ಕೊಡಬೇಕೆಂದೇ ತಿಳಿಯುವುದಿಲ್ಲ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಉತ್ತರ: ಮೊದಲು ಕೆರೆಯ ಯಜಮಾನರು ಯಾರೆಂದು ಗೊತ್ತುಮಾಡಿಕೊಳ್ಳಿ. ಹಳ್ಳಿಗಾಡಿನಲ್ಲಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತಿಯ ವ್ಯವಸ್ಥೆಗೆ, ಅದಕ್ಕೂ ಮೇಲಿನವು 2000 ಹೆಕ್ಟೇರಿನವರೆಗೆ ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಪಟ್ಟಣಗಳಲ್ಲಿ ನಗರ ಸಂಸ್ಥೆಗಳ ಪಾತ್ರವಿರುತ್ತದೆ. ಗ್ರಾಮ ನಕಾಶೆ ಮತ್ತು ಪಹಣಿಯ ನಕಲು ಪಡೆದರೆ ಸರ್ವೆ ನಂಬರು, ವಿಸ್ತೀರ್ಣ, ಕಾಲುವೆಯ ಗೆರೆ ಎಲ್ಲವೂ ಸಿಗುತ್ತವೆ. ಒತ್ತುವರಿಯ ದೂರನ್ನು ಆ ನಕಲುಗಳ ಸಮೇತ ತಹಶೀಲ್ದಾರರಿಗೆ ಕೊಟ್ಟು, ಅಳತೆ ಮಾಡಿ ಗಡಿಕಲ್ಲು ಹಾಕಿಸುವಂತೆ ಕೇಳಿ. ಕೆರೆಗಳ ಸಂರಕ್ಷಣೆಗೆಂದೇ 2014ರಲ್ಲಿ ಬಂದ ರಾಜ್ಯದ ಕಾಯಿದೆಯಡಿ ಪ್ರಾಧಿಕಾರವೂ ಇದೆ; ಅದಕ್ಕೂ ಒಂದು ಪ್ರತಿ ಕಳುಹಿಸಿ.

ಕೊಳಚೆ ಬಿಡುವುದು ಬೇರೆ ಅಪರಾಧ. 1974ರ ಜಲ ಮಾಲಿನ್ಯ ಕಾಯಿದೆಯ 24ನೆಯ ಕಲಮು ನೀರಿನ ಮೂಲಕ್ಕೆ ಕೊಳಕು ಬಿಡುವುದನ್ನು ನಿಷೇಧಿಸುತ್ತದೆ. ದೂರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಹೋಗಬೇಕು. ದಿನಾಂಕ, ಗಂಟೆ, ಸ್ಥಳ, ವಾಹನದ ಸಂಖ್ಯೆ ಮತ್ತು ಛಾಯಾಚಿತ್ರ ಇರುವ ಅರ್ಧ ಪುಟದ ದೂರು, ಆರು ಪುಟದ ಸಂಕಟದ ಪತ್ರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ನಾನು ಮೊದಲು ವಾಸವಿದ್ದ ಬಡಾವಣೆಯ ಹಿಂದಿನ ಕಾಲುವೆಗೆ ಟ್ಯಾಂಕರ್ ಬರುತ್ತಿದ್ದಾಗ, ಇಬ್ಬರು ನಿವೃತ್ತರು ಹನ್ನೆರಡು ರಾತ್ರಿಗಳ ಹೊತ್ತು ಮತ್ತು ಸಂಖ್ಯೆಗಳನ್ನು ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಎರಡು ವರ್ಷದ ಕೂಗಾಟದಿಂದ ಆಗದ ಕೆಲಸ ಆ ನೋಟ್‌ಬುಕ್ಕಿನಿಂದ ಆಯಿತು. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ ನಿಮ್ಮ ದೂರಿನ ಮೇಲೆ ಆದ ಕ್ರಮ ಮತ್ತು ನಿಮ್ಮ ಕೆರೆಯ ನೀರಿನ ಪರೀಕ್ಷಾ ವರದಿಗಳನ್ನು ಕೇಳಿ. ಆ ಕಾಗದಗಳು ಕೈಯಲ್ಲಿದ್ದರೆ ಹಸಿರು ನ್ಯಾಯಾಧಿಕರಣದ ಬಾಗಿಲು ತಟ್ಟಬಹುದು.

ಕೆರೆಯ ಸುತ್ತ ಎಷ್ಟು ಮೀಟರ್ ಬಿಡಬೇಕೆಂದು ಹಲವರು ಕೇಳಿದ್ದಾರೆ. ಬೆಂಗಳೂರಿನ ಕೆರೆಗಳಿಗೆ ಹಸಿರು ನ್ಯಾಯಾಧಿಕರಣ 2016ರಲ್ಲಿ 75 ಮೀಟರ್ ಎಂದಿತ್ತು. 2019ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿ, ನಗರ ಯೋಜನೆಯಲ್ಲಿದ್ದ 30 ಮೀಟರಿಗೆ ಮರಳಿಸಿತು. ನಿಯಮದ ಅಳತೆ ಚಿಕ್ಕದಾಗುತ್ತಾ ಹೋಗುವುದು ನನಗೆ ನೋವಿನ ಸಂಗತಿ. ಬಿಟ್ಟ ಜಾಗ ಎಷ್ಟೇ ಇರಲಿ, ಅದು ಹುಲ್ಲು ಮಣ್ಣಾಗಿಯೇ ಇರಲಿ, ಟೈಲ್ಸ್ ಮತ್ತು ವಾಹನ ನಿಲುಗಡೆಯಾಗದಿರಲಿ.

ಪ್ರಶ್ನೆ (ಶಿವಮೊಗ್ಗ, 9ನೆಯ ತರಗತಿಯ ವಿದ್ಯಾರ್ಥಿನಿ): ನಮ್ಮ ಶಾಲೆಯ ಹತ್ತಿರ ಕೆರೆ ಇದೆ. ಯಾವ ಉಪಕರಣವೂ ಇಲ್ಲದೆ ನಾವು ಅದರ ಆರೋಗ್ಯವನ್ನು ಪರೀಕ್ಷಿಸಬಹುದೇ?

ಉತ್ತರ: ಪರೀಕ್ಷಿಸಬಹುದು ಮಗಳೇ, ಮತ್ತು ನೀವು ಮಾಡುವುದು ನಿಜವಾದ ವಿಜ್ಞಾನವೇ ಆಗಿರುತ್ತದೆ. ಊಟದ ಹಳೆಯ ಸ್ಟೀಲ್ ತಟ್ಟೆಯೊಂದನ್ನು ತೆಗೆದುಕೊಂಡು, ಅದರ ಮುಖವನ್ನು ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗಕ್ಕೆ ಕಪ್ಪು, ಉಳಿದೆರಡಕ್ಕೆ ಬಿಳಿ ಬಣ್ಣ ಬಳಿಯಿರಿ. ನಡುವೆ ತೂತು ಮಾಡಿ ಹಗ್ಗ ಕಟ್ಟಿ, ಕೆಳಗೆ ಭಾರಕ್ಕೆ ಒಂದು ಕಲ್ಲು ಬಿಗಿಯಿರಿ. ಹಗ್ಗಕ್ಕೆ ಹತ್ತು ಸೆಂಟಿಮೀಟರಿಗೊಂದು ಬಣ್ಣದ ದಾರದ ಗಂಟು ಹಾಕಿರಿ. ಶಿಕ್ಷಕರು ಜೊತೆಯಲ್ಲಿರುವಾಗ ಮಾತ್ರ, ತೂಬಿನ ಕಟ್ಟೆಯಂಥ ಗಟ್ಟಿ ಜಾಗದ ಮೇಲೆ ನಿಂತು, ಮಧ್ಯಾಹ್ನದ ಬಿಸಿಲಿನಲ್ಲಿ ತಟ್ಟೆಯನ್ನು ನಿಧಾನವಾಗಿ ಇಳಿಸಿ. ಬಿಳಿ ಭಾಗ ಕಾಣದಂತಾದ ಕ್ಷಣದ ಗಂಟನ್ನು ಎಣಿಸಿ. ಮೇಲೆತ್ತುತ್ತ ಮತ್ತೆ ಕಂಡ ಕ್ಷಣದ ಗಂಟನ್ನೂ ಎಣಿಸಿ. ಎರಡರ ಸರಾಸರಿ ನಿಮ್ಮ ಕೆರೆಯ ತಿಳಿತನ. ಇಟಲಿಯ ಪಾದ್ರಿ ಆಂಜೆಲೊ ಸೆಕ್ಕಿ 1865ರಲ್ಲಿ ಸಮುದ್ರದಲ್ಲಿ ಬಿಳಿ ತಟ್ಟೆ ಇಳಿಸಿ ನೋಡಿದಾಗಿನಿಂದ ಲೋಕದ ವಿಜ್ಞಾನಿಗಳೆಲ್ಲ ಬಳಸುತ್ತಿರುವ ವಿಧಾನ ಇದೇ.

ಮಳೆಗಾಲದ ಕೆಂಪು ಮಣ್ಣಿನಿಂದಲೂ ನೀರು ಕದಡಿರಬಹುದು, ಆದ್ದರಿಂದ ನೀರಿನ ಬಣ್ಣವನ್ನೂ ಬರೆಯಿರಿ: ಕೆಂಪೋ, ಹಸಿರೋ, ಕಪ್ಪೋ. ಹಸಿರು ನೀರಿನಲ್ಲಿ ತಟ್ಟೆ ಒಂದು ಗೇಣಿಗೇ ಮರೆಯಾದರೆ ಪಾಚಿ ಮಿತಿಮೀರಿದೆ ಎಂದು ತಿಳಿಯಿರಿ. ಅದರ ಪಕ್ಕದಲ್ಲೇ ಆ ದಿನ ಕಂಡ ಹಕ್ಕಿಗಳು, ದಡದಲ್ಲಿ ಕಂಡ ಏರೋಪ್ಲೇನ್ ಚಿಟ್ಟೆಗಳು, ಯಾವ ಬಾಯಿಯಿಂದ ನೀರು ಬರುತ್ತಿತ್ತು ಎಂಬುದು, ಹಿಂದಿನ ದಿನ ಮಳೆ ಬಂದಿತ್ತೇ ಎಂಬುದು, ಇಷ್ಟನ್ನೂ ಬರೆಯಿರಿ. ಪ್ರತಿ ತಿಂಗಳ ಮೊದಲ ಶನಿವಾರ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಮಾಡಬೇಕು. ಮನೆಗೆ ಹೋಗುವ ಮುನ್ನ ಕೈಗಳನ್ನು ಸೋಪಿನಿಂದ ತೊಳೆಯಿರಿ. ಹನ್ನೆರಡು ತಿಂಗಳ ಅಂಕಿಗಳಾದ ಮೇಲೆ ಆ ಪುಟಗಳ ಪ್ರತಿಯನ್ನು ಈ ಅಂಕಣದ ವಿಳಾಸಕ್ಕೆ ಕಳುಹಿಸಿ. ಯಾವ ತಿಂಗಳಲ್ಲಿ ನೀರು ಕೆಟ್ಟಿತು, ಆಗ ಯಾವ ಬಾಯಿ ಹರಿಯುತ್ತಿತ್ತು ಎಂಬುದನ್ನು ಇಬ್ಬರೂ ಕೂಡಿ ಓದೋಣ.